ಕಸದ ಮೇಲೆ ನಿಲ್ಲಿಸಿದ ಹೊಸ್ತಿಲು

ಒಂದು ಬೇಸಿಗೆಯ ಉದ್ದಕ್ಕೂ ನನ್ನ ಹೆಂಡತಿ ಮಂಗಳವಾರ ಬಂತೆಂದರೆ ತಲೆಸ್ನಾನ ಮಾಡಿ, ಹಸಿರು ಸೀರೆ ಉಟ್ಟು, ಒಂದು ಕಸದ ಗುಡ್ಡೆಗೆ ದೀಪ ಹಚ್ಚಿ ಬರುತ್ತಿದ್ದಳು. ಅದು ಕಸದ ಗುಡ್ಡೆ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಸುರಿದವನು ನಾನು ಎಂಬುದು ಗೊತ್ತಿರಲಿಲ್ಲ. ದೀಪಕ್ಕೆ ಎಣ್ಣೆ ತಂದುಕೊಡುತ್ತಿದ್ದವನೂ ನಾನೇ.

ನಾನು ವಿಜಯಪುರದ ಕಡೆಯವನು. ಎಸ್ಸೆಸ್ಸೆಲ್ಸಿ ಪಾಸಾದ ವರ್ಷವೇ ಗೋವಾದ ಮುರ್ಮುಗಾಂವ್ ಬಂದರಿಗೆ ಕೂಲಿಗೆ ಬಂದೆ. ಅದಿರಿನ ಕೆಂಪು ಧೂಳು ಎರಡು ಸಲ ಸ್ನಾನ ಮಾಡಿದರೂ ಕಿವಿಯಿಂದ ಹೋಗುತ್ತಿರಲಿಲ್ಲ. ಮೈಯಲ್ಲಿ ಕಸುವು ಕಡಿಮೆಯಾದ ಮೇಲೆ ಒಂದು ಹಳೆಯ ಟೆಂಪೊ ಕೊಂಡೆ. ಬಂದರಿನ ಪಕ್ಕದ ಸಡಾ ಎಂಬ ಗುಡ್ಡದ ಮೇಲೆ ನಮ್ಮ ಮನೆ. ಇಳಿಜಾರಿನಲ್ಲಿ ಟೆಂಪೊ ನಿಲ್ಲಿಸಿ ಹಿಂದಿನ ಗಾಲಿಗೆ ಕಲ್ಲು ಕೊಡುವುದು ನನ್ನ ದಿನದ ಕೊನೆಯ ಕೆಲಸ. ಮನೆ ಬದಲಿಸುವವರ ಕಪಾಟು, ಕಟ್ಟುವವರ ಉಸುಕು, ಒಡೆಯುವವರ ಕಲ್ಲುಮಣ್ಣು, ಏನು ಸಿಕ್ಕರೂ ಹೇರುತ್ತಿದ್ದೆ.

ಒಡೆದ ಮನೆಯ ಕಲ್ಲುಮಣ್ಣನ್ನು ಎಲ್ಲೆಂದರಲ್ಲಿ ಸುರಿಯುವಂತಿಲ್ಲ. ಅದಕ್ಕೆಂದೇ ಸರಕಾರ ಗೊತ್ತುಮಾಡಿದ ಜಾಗವಿದೆ. ಅದು ದೂರ, ಅಲ್ಲಿ ಗಾಡಿಗಳ ಸಾಲು, ಚೀಟಿ, ಸಹಿ. ಆ ದೂರದ ಬಾಡಿಗೆಯನ್ನು ಮನೆಯವರಿಂದ ತೆಗೆದುಕೊಂಡು, ಹತ್ತಿರದಲ್ಲೇ ಯಾರದೋ ಖಾಲಿ ಜಾಗದಲ್ಲಿ ಸುರಿದು ಬರುವ ವಿದ್ಯೆ ನಮ್ಮ ಟೆಂಪೊ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಎಂದು ಬರೆದು ನನ್ನ ಪಾಲು ಕಡಿಮೆ ಮಾಡಿಕೊಳ್ಳುತ್ತಿದ್ದೇನೆ. ನನಗೆ ಗೊತ್ತಿತ್ತು, ನಾನು ಮಾಡುತ್ತಿದ್ದೆ.

ಇದಕ್ಕೆ ರಾತ್ರಿಯ ಕತ್ತಲೆ ಬೇಕು ಎಂದು ಹೊರಗಿನವರು ತಿಳಿಯುತ್ತಾರೆ. ಗೋವಾದಲ್ಲಿ ಬೇಕಾಗಿಲ್ಲ. ಮಧ್ಯಾಹ್ನ ಮೀನು ಅನ್ನ ಉಂಡು ಊರಿಗೆ ಊರೇ ಮಲಗಿರುತ್ತದೆ. ಅಂಗಡಿಯ ಬಾಗಿಲು ಅರ್ಧಕ್ಕೆ ಇಳಿದಿರುತ್ತದೆ, ನಾಯಿ ಕೂಡ ಬೊಗಳುವುದಿಲ್ಲ. ಆ ಹೊತ್ತಿನಲ್ಲಿ ಆನೆಯನ್ನು ತಂದು ಬಿಟ್ಟುಹೋದರೂ ಸಂಜೆ ಚಹಾದವರೆಗೆ ಯಾರೂ ನೋಡುವುದಿಲ್ಲ.

ಆ ವರ್ಷ ಸಂಕ್ರಾಂತಿ ಮುಗಿದ ಮೇಲೆ ಸಡಾದಲ್ಲೇ ನಮ್ಮ ಕಡೆಯ ಒಂದು ಕುಟುಂಬ ಹಳೆಯ ಹೆಂಚಿನ ಮನೆ ಒಡೆಸಿ ಸ್ಲ್ಯಾಬಿನ ಮನೆ ಕಟ್ಟಿಸಲು ಹೊರಟಿತು. ಕಲ್ಲುಮಣ್ಣು ಸಾಗಿಸುವ ಕೆಲಸ ನನಗೆ ಬಂತು. ಕೊನೆಯ ಖೇಪು ಹೇರುವಾಗ ಆ ಮನೆಯ ಅಜ್ಜಿ ಹೊರಗೆ ಬಂದು ಒಂದು ಹೊಸ್ತಿಲು ತೋರಿಸಿದಳು. ಸಾಗವಾನಿ ಕಟ್ಟಿಗೆ, ನಡುವೆ ಕೆತ್ತಿದ ಕಮಲ, ಎರಡೂ ತುದಿಯಲ್ಲಿ ಹಿತ್ತಾಳೆಯ ಮೊಳೆ. ಅದು ಗೋವಾದ್ದಲ್ಲ. ಕೃಷ್ಣೆಯ ದಂಡೆಯಲ್ಲಿದ್ದ ಅವರ ಊರು ಮುಳುಗಡೆಯಾದಾಗ, ಬಿಟ್ಟುಬರುವ ಮನೆಯಿಂದ ಅದೊಂದನ್ನು ಕಿತ್ತು ಲಾರಿಯಲ್ಲಿ ಹಾಕಿಕೊಂಡು ಬಂದಿದ್ದರು. ಹೊಸ ಮನೆಗೆ ಮಗ ಕರಿಕಲ್ಲಿನ ಹೊಸ್ತಿಲು ತಂದಿದ್ದ.

"ತಮ್ಮಾ, ಇದನ್ನ ಕಂಡಕಂಡಲ್ಲಿ ಒಗಿಬ್ಯಾಡ. ಆ ಮನಿ ನೀರಾಗ ಹೋತು, ಇದೂ ನೀರಾಗ ಹೋಗ್ಲಿ. ಸಮುದ್ರಕ್ಕ ಬಿಟ್ಟು ಬಾ."

"ಬಿಡ್ತೀನಿ ಬಿಡವಾ."

"ಬಿಡೂ ಮುಂದ ಅರಿಷಿಣ ಕುಂಕುಮ ಹಚ್ಚು." ಒಂದು ಪೊಟ್ಟಣ ಕೊಟ್ಟು, ನನ್ನ ಮುಖವನ್ನು ಚೆನ್ನಾಗಿ ನೋಡಿ ಮತ್ತೆ ಹೇಳಿದಳು: "ಹಚ್ಚತೀ ಇಲ್ಲೋ?"

"ಹಚ್ಚತೀನಿ ಅಂದ್ನೆಲ್ಲ."

ನಾನು ಹಚ್ಚಿದೆ. ಆ ಮಾತು ತಪ್ಪಲಿಲ್ಲ. ತಪ್ಪಿದ್ದು ಸಮುದ್ರದ ಮಾತು. ಸಡಾದಲ್ಲಿ ಎತ್ತ ನೋಡಿದರೂ ಸಮುದ್ರ, ಆದರೆ ಕೆಳಗಿಳಿಯಲು ಕಲ್ಲುಬಂಡೆಗಳ ದಾರಿ. ಹೊಸ್ತಿಲು ಭಾರ, ನನ್ನ ಮೊಣಕಾಲು ನೋವು. ಸಮುದ್ರ ಎಲ್ಲಿಗೂ ಓಡಿಹೋಗುವುದಿಲ್ಲ ಎಂದುಕೊಂಡು ಹೊಸ್ತಿಲನ್ನು ಕಲ್ಲುಮಣ್ಣಿನ ಜೊತೆಗೇ ಹೇರಿ ಹೊರಟೆ.

ಊರಿಂದ ಸ್ವಲ್ಪ ಹೊರಗೆ, ರಸ್ತೆಯ ಬದಿಯಲ್ಲಿ ಒಂದು ಖಾಲಿ ಭಾಟವಿತ್ತು. ಗೋವಾದಲ್ಲಿ ಮರಗಿಡಗಳಿರುವ ಖಾಸಗಿ ಜಾಗಕ್ಕೆ ಭಾಟ ಎನ್ನುತ್ತಾರೆ. ಬೇಲಿ ಬಿದ್ದಿತ್ತು, ಹುಲ್ಲು ಸೊಂಟದವರೆಗೆ ಬೆಳೆದಿತ್ತು, ನಡುವೆ ಒಂದು ಗೋಡಂಬಿ ಮರ. ಆ ಮನೆಯ ಹಿಂದಿನ ಖೇಪುಗಳನ್ನೂ ಅಲ್ಲೇ ಸುರಿದಿದ್ದೆ. ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಕೊನೆಯದನ್ನೂ ಸುರಿದೆ. ಹೊಸ್ತಿಲು ಗುಡ್ಡೆಯ ಮೇಲೆ ಅಡ್ಡಾದಿಡ್ಡಿ ಬಿತ್ತು. ಟೆಂಪೊ ಹತ್ತಿ ಕೀಲಿ ತಿರುಗಿಸಿದೆ, ಮತ್ತೆ ಇಳಿದೆ.

ನಮ್ಮ ಕಡೆಯವರನ್ನು ಹೊಸ್ತಿಲಿನ ಭಯಭಕ್ತಿ ಬಿಡುವುದಿಲ್ಲ. ಹೊಸ್ತಿಲನ್ನು ತುಳಿಯುವುದಿಲ್ಲ, ಅದರ ಮೇಲೆ ಕೂರುವುದಿಲ್ಲ, ಅದರ ಮೇಲೆ ನಿಂತು ಕೊಡುವುದು ತೆಗೆದುಕೊಳ್ಳುವುದು ಮಾಡುವುದಿಲ್ಲ. ದಿನಾ ಬೆಳಿಗ್ಗೆ ಅರಿಷಿಣ ಹಚ್ಚಿಸಿಕೊಂಡ ಕಟ್ಟಿಗೆಯನ್ನು ಒಡಕು ಹೆಂಚಿನ ಮೇಲೆ ಅಂಗಾತ ಬಿಟ್ಟು ಹೋಗಲು ಕೈ ಬರಲಿಲ್ಲ. ಎತ್ತಿ ಗೋಡಂಬಿ ಮರಕ್ಕೆ ಆನಿಸಿ ನೆಟ್ಟಗೆ ನಿಲ್ಲಿಸಿದೆ. ಬುಡಕ್ಕೆ ನಾಲ್ಕು ಕಲ್ಲು ಕೊಟ್ಟೆ. ಅಜ್ಜಿಯ ಪೊಟ್ಟಣ ಬಿಚ್ಚಿ ಕಮಲಕ್ಕೆ ಅರಿಷಿಣ ಬಳಿದು ಕುಂಕುಮವಿಟ್ಟೆ. ಟೆಂಪೊದ ಕನ್ನಡಿಗೆ ಕಟ್ಟಿದ್ದ ಚೆಂಡುಹೂವಿನ ಮಾಲೆ ತೆಗೆದು ಹಾಕಿದೆ. ತಪ್ಪಾಯಿತು ಎಂದು ಕೈ ಮುಗಿದು, ನಿರಾಳವಾಗಿ ಮನೆಗೆ ಹೋಗಿ ಊಟ ಮಾಡಿದೆ.

ಮಲಗಿದ್ದರೆ ಅದು ಹೊಸ್ತಿಲು. ನಿಲ್ಲಿಸಿದರೆ ಏನಾಗುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಕೆಲವು ವಾರ ಕಳೆದು ಅದೇ ದಾರಿಯಲ್ಲಿ ಬರುವಾಗ ಊದಿನಕಡ್ಡಿಯ ವಾಸನೆ ಬಂತು. ಗುಡ್ಡೆಯ ಮುಂದಿನ ಹುಲ್ಲು ಸವರಿ ದಾರಿ ಮಾಡಿದ್ದರು. ಹೊಸ್ತಿಲಿಗೆ ಕೆಂಪು ಖಣದ ಬಟ್ಟೆ ಸುತ್ತಿದ್ದರು, ಎರಡು ನಿಂಬೆಹಣ್ಣು ಇಟ್ಟಿದ್ದರು, ಒಡೆದ ಕಾಯಿ ಇತ್ತು. ಹತ್ತಿರದ ಕಟ್ಟಡದಲ್ಲಿ ಗಾರೆ ಕೆಲಸ ಮಾಡುತ್ತಿದ್ದ ನಮ್ಮ ಕಡೆಯ ಹೆಂಗಸೊಬ್ಬಳು ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು.

"ಯಾವ ದೇವ್ರವ್ವಾ ಇದು?" ಎಂದೆ.

"ಯಾವಕಿ ಅಂತ ಇನ್ನೂ ಹೇಳಿಲ್ರಿ ಕಾಕಾ. ನೆಲದಾಗಿಂದ ಎದ್ದಾಳ."

"ಯಾರ್ ನೋಡ್ಯಾರ ಎದ್ದದ್ದು?"

"ನೋಡೂದೇನ್ರಿ, ಮೊದ್ಲ ಇರ್ಲಿಲ್ಲ, ಈಗ ಅದಾಳ. ಕೈ ಮುಗೀರಿ."

ಕೈ ಮುಗಿದೆ.

ಸುದ್ದಿ ನಲ್ಲಿಯ ಸಾಲಿನಲ್ಲಿ ಸಡಾ ಹತ್ತಿತು. ಮುಂದಿನ ಮಂಗಳವಾರ ನನ್ನ ಹೆಂಡತಿ ಬುಟ್ಟಿ ತುಂಬಿಕೊಂಡು ಟೆಂಪೊದಲ್ಲಿ ಕುಳಿತಳು. ನನ್ನ ಮೊಣಕಾಲಿಗಾಗಿ ಹರಕೆ ಹೊತ್ತಿದ್ದಳು. ಬೇಡ ಎನ್ನಲು ಕಾರಣ ಹೇಳಬೇಕಿತ್ತು. ಕಾರಣ ಹೇಳಿದರೆ ಎಲ್ಲವನ್ನೂ ಹೇಳಬೇಕಿತ್ತು. ಕರೆದುಕೊಂಡು ಹೋದೆ. ವಿಚಿತ್ರವೆಂದರೆ ಮೊಣಕಾಲು ನೋವು ಕಡಿಮೆಯಾಯಿತು. ಬೇಸಿಗೆಯಲ್ಲಿ ಅದು ಪ್ರತಿವರ್ಷವೂ ಕಡಿಮೆಯಾಗುತ್ತದೆ, ಆದರೆ ಆ ವರ್ಷ ಅದರ ಕೀರ್ತಿ ಬೇರೆಯವರ ಪಾಲಾಯಿತು.

ಆಮೇಲೆ ಪಂಚಾಯ್ತಿಯವರು ಅಲ್ಲಿ ಒಂದು ಕೊಂಕಣಿ ಫಲಕ ನೆಟ್ಟರು. ಖಾಸಗಿ ಜಾಗದಲ್ಲಿ ಕಸ, ಕಲ್ಲುಮಣ್ಣು ಸುರಿದರೆ ದಂಡ, ಸುರಿದವರೇ ತಮ್ಮ ಖರ್ಚಿನಲ್ಲಿ ತೆಗೆಯಬೇಕು, ವಾಹನ ಜಪ್ತಿ, ಮತ್ತೆ ಸಿಕ್ಕಿಬಿದ್ದರೆ ಕೋರ್ಟು. ವಾಹನ ಜಪ್ತಿ ಎಂಬುದನ್ನು ಕೆಂಪು ಬಣ್ಣದಲ್ಲಿ ಬರೆದಿದ್ದರು. ಆ ಸಾಲನ್ನು ಎರಡು ಸಲ ಓದಿದೆ. ಟೆಂಪೊ ಹೋದರೆ ನನಗೆ ಬಂದರಿನ ಕೂಲಿಯೂ ಇಲ್ಲ, ವಯಸ್ಸೂ ಇಲ್ಲ.

"ಏನ್ ಬರ್ದಾರ್ರೀ?" ಎಂದಳು ಹೆಂಡತಿ. ಅವಳಿಗೆ ಓದಲು ಬರುವುದಿಲ್ಲ. ನನ್ನ ಎಸ್ಸೆಸ್ಸೆಲ್ಸಿಯ ಮೇಲೆ ಅವಳಿಗೆ ಭಾಳ ನಂಬಿಕೆ.

"ಗಾಡಿ ನಿಲ್ಲಸಬ್ಯಾಡ್ರಿ ಅಂತ ಬರ್ದಾರ."

"ಹಂಗಾರ ನೀವು ನಿಲ್ಲಿಸೀರೆಲ್ಲ, ತಗೀರಿ ಮೊದ್ಲ."

ಟೆಂಪೊವನ್ನು ದೂರ ಒಯ್ದು ನಿಲ್ಲಿಸಿ ನಡೆದು ಬಂದೆ. ಸುಳ್ಳಿನ ಶಿಕ್ಷೆ ಅಷ್ಟು ಬೇಗ ಸಿಕ್ಕಿದ್ದು ಅದೊಂದೇ ಸಲ.

ಇಷ್ಟರವರೆಗೆ ಇದೆಲ್ಲ ನಗೆಯ ಮಾತು. ಭಾಟದ ಒಡತಿ ನಮ್ಮ ಸ್ಟ್ಯಾಂಡಿಗೆ ಬಂದ ದಿನದಿಂದ ನನಗೆ ನಗೆ ಬರಲಿಲ್ಲ.

ಆಕೆ ಕ್ರಿಶ್ಚನ್ ಹೆಂಗಸು, ನನಗಿಂತ ಹಿರಿಯಳು, ಹೂವಿನ ಫ್ರಾಕು, ಕೈಯಲ್ಲಿ ಕರಿ ಕೊಡೆ. ಕಲ್ಲುಮಣ್ಣು ತೆಗೆಯಲು ಗಾಡಿ ಬೇಕೆಂದು ಕೇಳಿದಳು. ಜಾಗ ಯಾವುದೆಂದು ಗೊತ್ತಾದ ಕೂಡಲೇ ನಮ್ಮವರು ಒಬ್ಬೊಬ್ಬರೇ ಟಯರು ನೋಡುವ ನೆಪದಲ್ಲಿ ಬಗ್ಗಿದರು. ದೇವರಿರುವ ಗುಡ್ಡೆಗೆ ಸಲಿಕೆ ಹಾಕಲು ಯಾರು ಬರುತ್ತಾರೆ? ನಾನು ಬಗ್ಗಲು ಮೊಣಕಾಲಿನಿಂದಾಗಿ ತಡವಾಯಿತು. ಆಕೆ ನೇರ ಬಂದು ನನ್ನ ಮುಂದಿನ ಸೀಟಿನಲ್ಲಿ ಕುಳಿತಳು.

ಆಕೆಯ ಕೊಂಕಣಿ, ನನ್ನ ಮುರುಕು ಕೊಂಕಣಿ. ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ, ಅಲ್ಲಿ ಹಿರಿಯ ಹೆಂಗಸನ್ನು ಕರೆಯುವ 'ಬಾಯಿ' ಎಂಬುದೊಂದನ್ನು ಬಿಟ್ಟು.

"ನನ್ನ ಮನೆ ಗುಡ್ಡದ ಮೇಲಿದೆ ಬಾಬಾ. ಮೆಟ್ಟಿಲು ಹತ್ತುವುದು ಆಗುತ್ತಿಲ್ಲ. ಕಳೆದ ಮಳೆಗಾಲದಲ್ಲಿ ಬಿದ್ದು ಸೊಂಟ ಮುರಿದಿತ್ತು. ಈ ರಸ್ತೆ ಬದಿಯ ತುಂಡಿನಲ್ಲಿ ಎರಡು ಕೋಣೆ ಕಟ್ಟಿಕೊಳ್ಳುವುದು ನನ್ನ ಆಸೆ."

"ಕಟ್ಟಿಕೊಳ್ಳಿ ಬಾಯಿ."

"ಹೇಗೆ? ಪಂಚಾಯ್ತಿಯವರು ಬಂದು ನೋಡಿ, ಇಲ್ಲಿ ಗುಡಿಯಿದೆ, ಜನ ಬರುತ್ತಾರೆ, ಮೊದಲು ಅದು ಬಗೆಹರಿಯಲಿ ಅಂದರು. ಕಸವಾದರೆ ತೆಗೆಸುತ್ತೇನೆ. ದೇವರನ್ನು ನಾನು ಹೇಗೆ ಮುಟ್ಟಲಿ? ನನ್ನ ಧರ್ಮದ್ದಲ್ಲ ಅಂತ ಬೇಡ ಅನ್ನುವುದೂ ಸರಿಯಲ್ಲ." ಕೊಡೆಯನ್ನು ಮಡಿಲ ಮೇಲೆ ಅಡ್ಡ ಇಟ್ಟುಕೊಂಡಳು. "ಮೆಟ್ಟಿಲಿಲ್ಲದ ಜಾಗ ನನಗೆ ಇರುವುದು ಈ ತುಂಡೊಂದೇ. ನೀನು ಅಲ್ಲಿಗೆ ಬರುವ ಜನರ ಕಡೆಯವನಲ್ಲವೇ? ಅದು ಯಾವ ದೇವರು, ಎಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ನಿನಗೆ ಗೊತ್ತಿದ್ದರೆ ಹೇಳು."

ಈ ಭೂಮಿಯ ಮೇಲೆ ಆ ಪ್ರಶ್ನೆಗೆ ಉತ್ತರ ಗೊತ್ತಿದ್ದವನು ನಾನೊಬ್ಬನೇ. ಆಕೆ ನನ್ನಿಂದ ಒಂದು ಗೇಣು ದೂರದಲ್ಲಿ ಕುಳಿತು ಕೇಳುತ್ತಿದ್ದಳು.

"ಗೊತ್ತಿಲ್ಲ ಬಾಯಿ," ಎಂದೆ. "ಗುಡ್ಡೆ ತೆಗೆಯುವುದು ನನ್ನಿಂದ ಆಗುವುದಿಲ್ಲ. ಮೊಣಕಾಲು."

ಆಕೆ ನನ್ನ ಮೊಣಕಾಲಿಗೆ ಹಚ್ಚಲು ಒಂದು ಎಣ್ಣೆಯ ಹೆಸರು ಹೇಳಿ ಇಳಿದುಹೋದಳು. ಕಸ ಸುರಿದದ್ದಕ್ಕಿಂತ ಈ ಮಾತಿಗೇ ನಾನು ಹೆಚ್ಚು ನಾಚುತ್ತೇನೆ. ಅದಕ್ಕೆ ಯಾವ ಫಲಕದಲ್ಲೂ ದಂಡ ಬರೆದಿರಲಿಲ್ಲ.

ಯುಗಾದಿ ಕಳೆದು ಕೆಲವು ವಾರಕ್ಕೆ ಹೊಸ ಸುದ್ದಿ ಬಂತು. ದೀಪ ಹಚ್ಚುವ ಹೆಂಗಸರೆಲ್ಲ ಸೇರಿ, ಮಳೆಗಾಲದಲ್ಲಿ ದೇವರು ನೆನೆಯಬಾರದೆಂದು ಒಂದು ಕಟ್ಟೆ ಕಟ್ಟಿ ತಗಡಿನ ಮಾಡು ಹಾಕಿಸುವುದೆಂದು ನಿಶ್ಚಯಿಸಿದ್ದರು. ಗಾರೆಯವರು ಬಿಟ್ಟಿ ಕೆಲಸಕ್ಕೆ ಒಪ್ಪಿದ್ದರು. ಇಟ್ಟಿಗೆ ತರಲು ಗಾಡಿ?

"ನಮ್ಮ ಮನಿಯವ್ರು ತರ್ತಾರ," ಎಂದು ನನ್ನ ಹೆಂಡತಿ ಹೇಳಿ ಬಂದಿದ್ದಳು.

ಹೀಗೆ ನಾನು ಇಟ್ಟಿಗೆ ಹೇರಿಕೊಂಡು, ಪಕ್ಕದಲ್ಲಿ ಹಸಿರು ಸೀರೆಯ ಹೆಂಡತಿಯನ್ನು ಕೂರಿಸಿಕೊಂಡು, ನಾನು ಸುರಿದ ಕಸಕ್ಕೆ ಗುಡಿ ಕಟ್ಟಲು ಹೊರಟೆ. ಕಟ್ಟೆ ಎದ್ದರೆ ಮುಗಿಯಿತು. ಆಮೇಲೆ ಅದನ್ನು ಇಳಿಸುವವರಿಲ್ಲ, ಆ ಮುದುಕಿಗೆ ಎರಡು ಕೋಣೆಯಿಲ್ಲ. ದಾರಿಯುದ್ದಕ್ಕೂ ಹೆಂಡತಿ ಮಾತಾಡುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ. ಇವತ್ತು ಟಯರು ಪಂಕ್ಚರಾದರೆ ಸಾಕು ಎಂದು ನಾನೂ ಆ ದೇವರಿಗೇ ಬೇಡಿಕೊಂಡೆ. ಆಗಲಿಲ್ಲ.

ಭಾಟದ ಮುಂದೆ ಆ ಬಾಯಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೊಡೆ ಬಿಚ್ಚಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಪಂಚಾಯ್ತಿಯ ಕಾರ್ಯದರ್ಶಿ, ಒಬ್ಬ ಹವಾಲ್ದಾರ. ಈಚೆ ನಮ್ಮ ಹೆಂಗಸರು, ಗಾರೆಯವರು. ಜಗಳವೇನೂ ಆಗಿರಲಿಲ್ಲ. ಎರಡೂ ಕಡೆಯವರು ಕೈಕಟ್ಟಿ ನಿಂತಿದ್ದರು. ಯಾರೋ ಆಕೆಗೆ ಪ್ರಸಾದದ ಸಕ್ಕರೆ ಕೊಟ್ಟಿದ್ದರು. ಆಕೆ ಅದನ್ನು ತಿನ್ನುತ್ತಲೇ ಅಳುತ್ತಿದ್ದಳು.

ನಾನು ಇಳಿದೆ. ಏನು ಹೇಳಬೇಕೆಂದು ಯೋಚಿಸಿ ಇಳಿದವನಲ್ಲ. ನೇರ ಹೋಗಿ ಖಣ ಬಿಚ್ಚಿದೆ.

"ಏ ಕಾಕಾ, ಮುಟ್ಟಬ್ಯಾಡ್ರಿ," ಎಂದು ಯಾರೋ ಕೂಗಿದರು.

ನಾನು ಹೊಸ್ತಿಲನ್ನು ಎರಡೂ ಕೈಯಿಂದ ಹಿಡಿದು, ಮೆಲ್ಲಗೆ ನೆಲಕ್ಕೆ ಮಲಗಿಸಿದೆ.

ಮಲಗಿಸಿದ ಕೂಡಲೇ ಯಾರಿಗೂ ಏನೂ ಹೇಳಬೇಕಾಗಲಿಲ್ಲ. ಕಮಲದ ಸುತ್ತ ದಿನಾ ತೊಳೆದು ಅರಿಷಿಣ ಹಚ್ಚಿ ಸವೆದ ಗುರುತು, ಮೂಲೆಯಲ್ಲಿ ಬಾಗಿಲು ತಿರುಗುತ್ತಿದ್ದ ಕುಳಿ. ಅಲ್ಲಿದ್ದ ಹೆಂಗಸರೆಲ್ಲ ದಿನಾ ಬೆಳಿಗ್ಗೆ ಅಂಥದ್ದರ ಮುಂದೆ ಬಗ್ಗುವವರೇ.

"ಯವ್ವಾ, ಇದು ಹೊಸ್ತಲಾ ಅಲ್ಲೇನ?" ಎಂದಳು ಆ ಗಾರೆಯ ಕೆಲಸದ ಹೆಂಗಸು.

"ಹೌದು, ಹೊಸ್ತಲಾ," ಎಂದೆ. "ಸಡಾದಾಗ ಒಡದ ಮನೀದು. ಸಮುದ್ರಕ್ಕ ಬಿಡಾಕ ಕೊಟ್ಟಿದ್ರು. ಈ ಕಸಾನೂ ನಾನಽ ಸುರದೀನಿ, ಇದನ್ನೂ ನಾನಽ ನಿಲ್ಲಿಸೀನಿ. ಅರಿಷಿಣ ಹಚ್ಚಿದಾಂವನೂ ನಾನಽ." ಬಾಯಿಯ ಕಡೆ ತಿರುಗಿ ಕೊಂಕಣಿಯಲ್ಲಿ ಮತ್ತೆ ಹೇಳಿದೆ. ಅಂದು ಟೆಂಪೊದಲ್ಲಿ ಗೊತ್ತಿಲ್ಲ ಎಂದದ್ದು ಸುಳ್ಳು ಎಂಬುದನ್ನೂ ಸೇರಿಸಿದೆ.

ಆಕೆ ಕೊಡೆ ಮಡಚಿದಳು. ಹೊಡೆಯುತ್ತಾಳೆ ಎಂದುಕೊಂಡೆ. "ಮೊಣಕಾಲು?" ಎಂದಳು.

"ಅದು ನಿಜ ಬಾಯಿ."

ನನ್ನ ಹೆಂಡತಿ ಟೆಂಪೊದಿಂದ ಇಳಿದಿರಲಿಲ್ಲ. ಅಲ್ಲಿಂದಲೇ ಕೇಳಿದಳು: "ಏನ್ರೀ, ಆ ಬೋರ್ಡಿನಾಗ ಖರೇನ ಏನ್ ಬರ್ದಾರ?"

ಎಲ್ಲರ ಮುಂದೆ ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳಿದೆ. ದಂಡ, ತೆಗೆಯುವ ಖರ್ಚು, ವಾಹನ ಜಪ್ತಿ, ಕೋರ್ಟು.

"ನಿಮ್ಮ ಮೊಣಕಾಲಿಗೆ ಮಂದಿ ಮನಿ ಹೊಸ್ತಲಾಕ್ಕ ಹರಕಿ ಹೊತ್ನೆಲ್ಲ," ಎಂದಳು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಅವಳೂ ಸೆರಗು ಅಡ್ಡ ಹಿಡಿದು ನಕ್ಕಳು. ಮನೆಗೆ ಹೋದ ಮೇಲೆ ಮಾತ್ರ ಬಹಳ ದಿನ ನಗಲಿಲ್ಲ.

ಕಾನೂನು ಅಲ್ಲಿಗೇ ನಿಲ್ಲಲಿಲ್ಲ. ಕಾರ್ಯದರ್ಶಿ ಕಡತ ತೆಗೆದು, ವಾಹನ ಈಗಲೇ ಜಪ್ತಿ ಎಂದ. ಹವಾಲ್ದಾರ ಕೀಲಿಗೆ ಕೈ ಚಾಚಿದ. ಕೊಟ್ಟೆ.

"ಸುರಿದವನೇ ತನ್ನ ಖರ್ಚಿನಲ್ಲಿ ಎಲ್ಲ ತೆಗೆಯಬೇಕು," ಎಂದು ಕಾರ್ಯದರ್ಶಿ ಮುಂದೆ ಓದಿದ.

"ಯಾವುದರಲ್ಲಿ?" ಎಂದಳು ಬಾಯಿ. "ತಲೆಯ ಮೇಲೆಯೋ?"

ಕಾರ್ಯದರ್ಶಿ ಹವಾಲ್ದಾರನನ್ನು ನೋಡಿದ. ಹವಾಲ್ದಾರ ಕೀಲಿಯನ್ನು ನೋಡಿದ. ಇಬ್ಬರೂ ಬೇಲಿಯ ಹತ್ತಿರ ಹೋಗಿ ಮಾತಾಡಿ ಬಂದರು. ಮೊದಲು ಇದೇ ಟೆಂಪೊದಲ್ಲಿ ಗುಡ್ಡೆಯನ್ನೆಲ್ಲ ಸರಕಾರಿ ಜಾಗಕ್ಕೆ ಸಾಗಿಸಿ, ಪ್ರತಿ ಖೇಪಿನ ಚೀಟಿ ತಂದು ತೋರಿಸಿ, ಆಮೇಲೆ ನಾನೇ ಟೆಂಪೊ ಓಡಿಸಿಕೊಂಡು ಹೋಗಿ ಜಪ್ತಿಯಾಗಬೇಕು ಎಂದು ತೀರ್ಮಾನವಾಯಿತು. ಬಾಯಿ ಅದಕ್ಕೆ ಒಂದು ಷರತ್ತು ಸೇರಿಸಿದಳು: ಮಧ್ಯಾಹ್ನ ಅವಳು ಮಲಗುವ ಹೊತ್ತಿನಲ್ಲಿ ಸದ್ದು ಮಾಡಬಾರದು.

ತಂದಿದ್ದ ಇಟ್ಟಿಗೆಗಳನ್ನು ಬಾಯಿಯ ಜಾಗದಲ್ಲೇ ಒಂದು ಮೂಲೆಗೆ ಇಳಿಸಿದೆವು. ಹೆಂಗಸರು ಪರಸ್ಪರ ಕೇಳಿಕೊಂಡು, ಹಿಂದಕ್ಕೆ ಒಯ್ಯುವುದು ಬೇಡ ಎಂದರು. ದೇವರಿಗೆಂದು ತಂದದ್ದು, ಯಾರದಾದರೂ ಮನೆಗೆ ಆಗಲಿ.

ಗಾರೆಯವರಲ್ಲಿ ಇಬ್ಬರು ಸಲಿಕೆ ಹಿಡಿದು ನನ್ನ ಜೊತೆ ನಿಂತರು. ದಿನಾ ಹೇರಿದೆವು. ನಾನು ನಾಲ್ಕೈದು ಮಧ್ಯಾಹ್ನ ಸುರಿದಂತೆ ನೆನಪಿತ್ತು, ತೆಗೆಯುವಾಗ ಎಷ್ಟು ಮಧ್ಯಾಹ್ನಗಳೆಂದು ಗೊತ್ತಾಯಿತು. ಅಡಿಯಲ್ಲಿ ನಾನು ಮರೆತೇಬಿಟ್ಟಿದ್ದ ಬೇರೆ ಮನೆಗಳ ಹೆಂಚೂ ಬಂದವು. ಆ ದೂರದ ಸರಕಾರಿ ಜಾಗಕ್ಕೆ ನಾನು ಮೊದಲ ಬಾರಿ ಹೋದದ್ದು ಆಗಲೇ. ಅಲ್ಲಿನ ಕಾವಲುಗಾರ ಹೊಸಬನೆಂದು ದಾರಿ ವಿವರಿಸಿದ. ಕೊನೆಯ ಚೀಟಿ ಕೊಟ್ಟು, ಟೆಂಪೊವನ್ನು ಪೊಲೀಸರ ಅಂಗಳದಲ್ಲಿ ನಿಲ್ಲಿಸಿ, ಅಭ್ಯಾಸದಂತೆ ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಬಸ್ಸಿನಲ್ಲಿ ಮನೆಗೆ ಬಂದೆ. ದಂಡ ತುಂಬಿ ಬಿಡಿಸಿಕೊಳ್ಳುವ ಹೊತ್ತಿಗೆ ಮಳೆ ಶುರುವಾಗುವುದರಲ್ಲಿತ್ತು. ಟೆಂಪೊದ ಹಿಂದೆ ಸಾಮಾನು ಹೇರುವ ಡಬ್ಬಿಯಲ್ಲಿ ಠಾಣೆಯವರು ಯಾರೋ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ವಾರದವರೆಗೆ ಹೇರಿದ ಹಾಸಿಗೆ ಕಪಾಟುಗಳೆಲ್ಲ ಸೀನು ತರಿಸುತ್ತಿದ್ದವು.

ಉಳಿದದ್ದು ಹೊಸ್ತಿಲು. ಅಜ್ಜಿಗೂ ಹೇಳಲೇಬೇಕಿತ್ತು. ಸಡಾದ ಹೊಸ ಮನೆಯ ಕರಿಕಲ್ಲಿನ ಹೊಸ್ತಿಲು ದಾಟಿ ಹೋಗಿ ಎಲ್ಲ ಹೇಳಿದೆ. ಈಗಲಾದರೂ ಸಮುದ್ರಕ್ಕೆ ಬಿಡುತ್ತೇನೆ ಎಂದೆ.

"ಆ ಮುದುಕಿ ಮನಿ ಕಟ್ಟತಾಳಂತೇನು?" ಎಂದಳು.

"ಹೌದವಾ, ಎರಡು ಖೋಲಿ."

"ಬಾಗ್ಲಾ ಸಿಗ್ತೈತಂದ್ರ ನೀರಿಗ್ಯಾಕ ಬಿಡ್ತಿ? ಕೇಳಿ ನೋಡು, ಬೇಕಂದ್ರ ಕೊಡು." ಆಮೇಲೆ, "ಈ ಸಲ ಮಲಗ್ಸು," ಎಂದಳು.

ಬಾಯಿ ಹೊಸ್ತಿಲಿನ ಕಮಲವನ್ನು ಕೈಯಿಂದ ಸವರಿ ನೋಡಿ, ಹಿಂಬಾಗಿಲಿಗೆ ಸರಿಹೋಗುತ್ತದೆ ಎಂದಳು. ದೇವರಿಗೆಂದು ಬಂದ ಇಟ್ಟಿಗೆಗಳು ಅಡುಗೆಮನೆಯ ಗೋಡೆಯಾದವು. ಬಾಗಿಲಿನ ಮೇಲೆ ಆಕೆಯ ಶಿಲುಬೆ, ಕೆಳಗೆ ಕೃಷ್ಣೆಯ ದಂಡೆಯ ಹೊಸ್ತಿಲು. ಅಂಗಳದಲ್ಲಿ ಗೋಡಂಬಿ ಮರ ಹಾಗೇ ಇದೆ. ಗೃಹಪ್ರವೇಶಕ್ಕೆ ಪಾದ್ರಿಗಳು ತೀರ್ಥ ಚಿಮುಕಿಸಿ ಹೋದ ಮೇಲೆ ನನ್ನ ಹೆಂಡತಿ ಯಾರೂ ಕಾಣದಂತೆ ಹೊಸ್ತಿಲಿಗೆ ಒಂದು ಬೊಟ್ಟು ಅರಿಷಿಣ ಇಟ್ಟಳು. ಬಾಯಿ ಕಂಡೂ ಕಾಣದಂತಿದ್ದಳು.

ಈಗಲೂ ಕೆಲವು ಮಂಗಳವಾರ ನಾವು ಆ ಕಡೆ ಹೋಗುತ್ತೇವೆ. ಹರಕೆ ತೀರಿದ ಮೇಲೂ ನನ್ನ ಹೆಂಡತಿಗೆ ಆ ದಾರಿ ಅಭ್ಯಾಸವಾಗಿದೆ. ಹೋದಾಗೆಲ್ಲ ಬಾಯಿ ಹಿಂಬಾಗಿಲಲ್ಲಿ ಇರುತ್ತಾಳೆ. ಸರಿಯಾಗಿ ಹೊಸ್ತಿಲಿನ ಮೇಲೆಯೇ, ಕಮಲದ ಮೇಲೆಯೇ ಕುಳಿತು, ಕಾಲು ಅಂಗಳಕ್ಕೆ ಚಾಚಿ ಬಂಗಡೆ ಮೀನು ಸ್ವಚ್ಛ ಮಾಡುತ್ತಿರುತ್ತಾಳೆ. ಪಕ್ಕದಲ್ಲಿ ಬೆಕ್ಕು. ಮೊದಲ ಸಲ ಅದನ್ನು ನೋಡಿ ಏನಾದರೂ ಹೇಳು ಎಂಬಂತೆ ಹೆಂಡತಿಯ ಕಡೆ ನೋಡಿದೆ.

"ನೀವು ಸುಮ್ನಿರ್ರಿ," ಎಂದಳು ಮೆಲ್ಲಗೆ. "ಅಕಿ ಜಾಗಾ, ಅಕಿ ಮನಿ, ಅಕಿ ಹೊಸ್ತಲಾ."

ಬಾಯಿ ಮೀನಿನ ಕೈಯನ್ನು ಫ್ರಾಕಿಗೆ ಒರೆಸಿಕೊಂಡು, ಕೂತಲ್ಲೇ ಸ್ವಲ್ಪ ಸರಿದು, ನನಗೂ ಪಕ್ಕದಲ್ಲಿ ಕೂರಲು ಜಾಗ ಮಾಡಿದಳು. ಮೊಣಕಾಲಿನ ನೆಪ ಹೇಳಿ ನಿಂತೇ ಇದ್ದೆ.